ಲಿಸ್ಟ್ ಹೊಡೆದು ಹಾಕಿದ ಕೊನೆ

ನನ್ನ ಪಿಯಾನೋ ಮಿಸ್‌ಗೆ ಹತ್ತೊಂಬತ್ತನೇ ಶತಮಾನದ ಹಂಗೇರಿಯ ಸಂಗೀತ ರಚನೆಕಾರ, ಪಿಯಾನೋ ವಾದಕ ಫ್ರಾಂಜ್ ಲಿಸ್ಟ್‌ನನ್ನು ಕಂಡರೆ ಆಗುತ್ತಿರಲಿಲ್ಲ.

ಮಿಸ್ ಮಂಗಳೂರಿನವರು. ಚರ್ಚಿನಲ್ಲಿ ಆರ್ಗನ್ ನುಡಿಸಿಕೊಂಡು ಬೆಳೆದವರು, ಮದುವೆಯಾಗಿ ಬೆಂಗಳೂರಿಗೆ ಬಂದವರು. ಕುಕ್ ಟೌನಿನ ಅವರ ಮನೆಯ ಹಾಲ್‌ನಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ ಹಳೇ ಅಪ್‌ರೈಟ್ ಪಿಯಾನೋ ಇತ್ತು. ಮಳೆಗಾಲ ಬಂತು ಅಂದರೆ ಅದರ ಎರಡು ಮೂರು ಕೀಗಳು ಒತ್ತಿದ ಮೇಲೆ ವಾಪಸ್ ಏಳುತ್ತಿರಲಿಲ್ಲ. ಮಿಸ್ ಬೆರಳ ತುದಿಯಿಂದ ಅವನ್ನು ಮೆಲ್ಲಗೆ ಎತ್ತಿ, ಏನೂ ಆಗೇ ಇಲ್ಲ ಅನ್ನುವ ಹಾಗೆ ಮುಂದುವರಿಸುತ್ತಿದ್ದರು. ಜರ್ಮನ್ ರಚನೆಕಾರ ರಾಬರ್ಟ್ ಶೂಮನ್‌ನ ಪುಟ್ಟ ಪುಟ್ಟ ತುಣುಕುಗಳನ್ನು ನುಡಿಸುವಾಗ ಅವರ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಒಂದು ದಿನ ನಾನು ಲಿಸ್ಟ್‌ನ ‘ಲಾ ಕಂಪನೆಲ್ಲಾ’ದ ಪ್ರಿಂಟ್ ತಗೊಂಡು ಹೋದೆ. ನನಗೆ ಆಗ ಹತ್ತೊಂಬತ್ತು ವರ್ಷ. ಅದನ್ನು ನುಡಿಸುವ ಶಕ್ತಿ ನನಗಿರಲಿಲ್ಲ, ಈಗಲೂ ಇಲ್ಲ. ಆದರೂ ಆಸೆ. ಮಿಸ್ ಎರಡು ಪುಟ ತಿರುವಿ ಹಾಳೆಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು. “ಇದು ಬೇಡ. ಇದರಲ್ಲಿ ಬೆರಳಿಗೆ ಕೆಲಸ ಇದೆ, ಮನಸ್ಸಿಗೆ ಏನೂ ಇಲ್ಲ” ಅಂದರು. ಆಮೇಲೆ ಬಾಖ್ ಪುಸ್ತಕ ತೆಗೆದರು.

ಆ ಮಾತು ನನಗೆ ಹೊಸದೇನೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಹಿಂದೂಸ್ತಾನಿ ಸಂಗೀತ ಕೇಳುವವರು ಜಾಸ್ತಿ. ಕಛೇರಿ ಮುಗಿಸಿ ಬಂದ ದೊಡ್ಡಪ್ಪ “ತಯಾರಿ ಏನೋ ಭರ್ಜರಿಯಾಗಿದೆ” ಅಂತ ಹೇಳಿ ಸುಮ್ಮನಾದರೆ, ಹಾಡಿದವರ ಬಗ್ಗೆ ಅವರ ತೀರ್ಪು ಬಂದಾಯಿತು ಅಂತ ಅರ್ಥ. ತಾನ್‌ಗಳು ಚೆನ್ನಾಗಿದ್ದವು, ರಾಗ ಮಾತ್ರ ಕಾಣಲಿಲ್ಲ ಅಂತ. ಮಿಸ್ ಹೇಳಿದ್ದೂ ಅದನ್ನೇ ಅಲ್ವಾ?

ಆದರೆ ಲಿಸ್ಟ್ ನನ್ನನ್ನು ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಆದಷ್ಟು ನುಡಿಸುತ್ತಿದ್ದೇನೆ. ಪಿಯಾನೋ ನುಡಿಸುವವರು ಅವನ ಬಗ್ಗೆ ಹೇಳಿದ್ದನ್ನು ಸಿಕ್ಕಲ್ಲೆಲ್ಲ ಓದುತ್ತಿದ್ದೇನೆ. ಬೇರೆ ಯಾವ ದೊಡ್ಡ ಸಂಗೀತಗಾರನ ಬಗ್ಗೆಯೂ ಪಿಯಾನೋ ವಾದಕರು ಹೀಗೆ ಎರಡು ಪಾಲಾಗಿದ್ದನ್ನು ನಾನು ಕಂಡಿಲ್ಲ. ಬೀಥೋವನ್‌ನನ್ನು ಹೇಗೆ ನುಡಿಸಬೇಕು ಅಂತ ಜಗಳ ಆಡುತ್ತಾರೆ. ಶೋಪ್ಯಾನ್‌ನಲ್ಲಿ ಲಯವನ್ನು ಎಷ್ಟು ಎಳೆಯಬಹುದು ಅಂತ ಜಗಳ ಆಡುತ್ತಾರೆ. ಲಿಸ್ಟ್ ವಿಷಯದಲ್ಲಿ ಮಾತ್ರ ಜಗಳ ಅದಕ್ಕೂ ಹಿಂದೆಯೇ ಶುರುವಾಗುತ್ತದೆ: ಇದನ್ನು ನುಡಿಸಬೇಕೋ ಬೇಡವೋ ಅಂತ.

ಈ ಜಗಳದ ಮೂಲಕ್ಕೆ ಹೋದರೆ ಒಬ್ಬ ಹೆಣ್ಣುಮಗಳು ಸಿಗುತ್ತಾಳೆ. ಕ್ಲಾರಾ ಶೂಮನ್. ನನಗೆ ಅವಳ ಮೇಲೆ ತುಂಬಾ ಗೌರವ. ಅದಕ್ಕೇ ಅವಳ ಮಾತನ್ನು ಸುಲಭವಾಗಿ ತಳ್ಳಿಹಾಕಲು ನನ್ನಿಂದ ಆಗಿಲ್ಲ.

1838ರ ಏಪ್ರಿಲ್‌ನಲ್ಲಿ ಲಿಸ್ಟ್ ವಿಯೆನ್ನಾಕ್ಕೆ ಬಂದ. ಹಂಗೇರಿಯ ಪೆಸ್ಟ್ ನಗರದಲ್ಲಿ ಡ್ಯಾನ್ಯೂಬ್ ನದಿ ಉಕ್ಕಿ ಜನ ಮನೆಮಠ ಕಳೆದುಕೊಂಡಿದ್ದರು. ಅವರಿಗಾಗಿ ಹಣ ಕೂಡಿಸುವ ಕಛೇರಿಗಳು ಅವು. ಕ್ಲಾರಾ ಆಗ ಅದೇ ಊರಿನಲ್ಲಿದ್ದಳು. ಹದಿನೆಂಟು ವರ್ಷ. ಇನ್ನೂ ಮದುವೆ ಆಗಿರಲಿಲ್ಲ. ಅಷ್ಟರಲ್ಲೇ ದೊಡ್ಡ ಹೆಸರು ಮಾಡಿದ್ದ ವಾದಕಿ. ಲಿಸ್ಟ್ ನುಡಿಸಿದ್ದನ್ನು ಕೇಳಿ ಅವಳು ಅತ್ತುಬಿಟ್ಟಳು. ಅವನ ಮುಂದೆ ತಾನು ಶಾಲೆಗೆ ಹೋಗುವ ಹುಡುಗಿಯ ಹಾಗೆ ಅನ್ನಿಸುತ್ತಿದೆ ಅಂತ, ಮುಂದೆ ತನ್ನ ಗಂಡನಾಗಲಿದ್ದ ರಾಬರ್ಟ್‌ಗೆ ಬರೆದಳು. ಲಿಸ್ಟ್‌ಗೂ ಅವಳ ಬಗ್ಗೆ ಅಷ್ಟೇ ಮೆಚ್ಚುಗೆ. ಇಟಲಿಯ ಪಿಟೀಲುಗಾರ ಪಗನೀನಿಯ ಸಂಗೀತವನ್ನು ಪಿಯಾನೋಗೆ ಇಳಿಸಿ ತಾನು ಬರೆದ ಆರು ಎಟ್ಯೂಡ್‌ಗಳನ್ನು, ಅಂದರೆ ಅಭ್ಯಾಸದ ತುಣುಕುಗಳನ್ನು, ಅವಳಿಗೇ ಅರ್ಪಿಸಿದ. ಮಿಸ್ ನನಗೆ ವಾಪಸ್ ಕೊಟ್ಟ ‘ಲಾ ಕಂಪನೆಲ್ಲಾ’ ಅವುಗಳಲ್ಲೊಂದು. ಅತ್ತ ರಾಬರ್ಟ್ ಶೂಮನ್ ತನ್ನ ಮಹಾಕೃತಿ, ಸಿ ಮೇಜರ್ ಫ್ಯಾಂಟಸಿಯನ್ನು 1839ರಲ್ಲಿ ಲಿಸ್ಟ್‌ಗೆ ಅರ್ಪಿಸಿ ಅಚ್ಚು ಹಾಕಿಸಿದ. ಅದೇ ವರ್ಷ ಲಿಸ್ಟ್‌ನ ದೊಡ್ಡ ಎಟ್ಯೂಡ್‌ಗಳ ಬಗ್ಗೆ ತನ್ನ ಪತ್ರಿಕೆಯಲ್ಲಿ ಬರೆಯುತ್ತಾ, ಇವು ಬಿರುಗಾಳಿಯ, ಭಯದ ಎಟ್ಯೂಡ್‌ಗಳು, ಇವನ್ನು ನುಡಿಸಬಲ್ಲವರು ಇಡೀ ಪ್ರಪಂಚದಲ್ಲಿ ಹತ್ತೋ ಹನ್ನೆರಡೋ ಜನ ಇರಬಹುದು ಅಂದ. ಅದರಲ್ಲಿ ಬೆರಗೂ ಇದೆ, ಸ್ವಲ್ಪ ಹಿಂಜರಿಕೆಯೂ ಇದೆ.

ಈಗ 1854ಕ್ಕೆ ಬರೋಣ. ಊರು ಡ್ಯುಸೆಲ್‌ಡಾರ್ಫ್. ಫೆಬ್ರವರಿ 27ರಂದು ರಾಬರ್ಟ್ ಶೂಮನ್ ಮನೆಯಿಂದ ಹೊರಟು ಹೋಗಿ ರೈನ್ ನದಿಗೆ ಹಾರಿದ. ದೋಣಿಯವರು ಎಳೆದು ತಂದರು. ಮಾರ್ಚ್ 4ರಂದು ಅವನನ್ನು ಬಾನ್ ಹತ್ತಿರದ ಎಂಡೆನಿಚ್ ಆಸ್ಪತ್ರೆಗೆ ಸೇರಿಸಿದರು. ಕ್ಲಾರಾ ತುಂಬು ಗರ್ಭಿಣಿ. ಗಂಡನನ್ನು ನೋಡಲು ವೈದ್ಯರು ಬಿಡುತ್ತಿಲ್ಲ. ಮನೆ ತುಂಬಾ ಸಣ್ಣ ಮಕ್ಕಳು. ಅಂಥ ಮನೆಗೆ ಮೇ 25ರಂದು ಒಂದು ಕಟ್ಟು ಬಂತು. ಅದರಲ್ಲಿ ಲಿಸ್ಟ್ ಹೊಸದಾಗಿ ಅಚ್ಚು ಹಾಕಿಸಿದ್ದ ಬಿ ಮೈನರ್ ಸೊನಾಟಾ, ಪಿಯಾನೋಗೆ ಬರೆದ ಒಂದು ದೊಡ್ಡ ಕೃತಿ. ಮೇಲೆ ‘ರಾಬರ್ಟ್ ಶೂಮನ್‌ಗೆ’ ಅಂತ ಅರ್ಪಣೆ. ಜೊತೆಗೆ ಕ್ಲಾರಾಗೆ ಒಂದು ಸ್ನೇಹದ ಪತ್ರ.

ಮುಂದೆ ದೊಡ್ಡ ರಚನೆಕಾರನಾದ, ಆಗಿನ್ನೂ ಇಪ್ಪತ್ತೊಂದರ ಹುಡುಗ ಬ್ರಾಮ್ಸ್ ಆಗ ಅವಳಿಗೆ ಆಸರೆಯಾಗಿ ಅದೇ ಊರಿನಲ್ಲಿದ್ದ. ಅವನೇ ಕೂತು ನುಡಿಸಿ ತೋರಿಸಿದ. ಕ್ಲಾರಾ ಆ ದಿನ ಡೈರಿಯಲ್ಲಿ ಬರೆದದ್ದು ಇವತ್ತಿಗೂ ಲಿಸ್ಟ್ ವಿರೋಧಿಗಳ ಬಾಯಲ್ಲಿದೆ. ಇದು ಬರೀ ಗದ್ದಲ. ಆರೋಗ್ಯವಾದ ಒಂದು ವಿಚಾರವೂ ಇಲ್ಲ. ಎಲ್ಲ ಗೋಜಲು. ಇಷ್ಟರ ಮೇಲೆ ನಾನು ಅವನಿಗೆ ಥ್ಯಾಂಕ್ಸ್ ಬೇರೆ ಹೇಳಬೇಕು. ಹೀಗಿದೆ ಅವಳ ಮಾತಿನ ಧಾಟಿ. ಹದಿನೇಳು ದಿನ ಕಳೆದು, ಜೂನ್ 11ರಂದು, ಅವಳಿಗೆ ಕೊನೆಯ ಮಗು ಫೀಲಿಕ್ಸ್ ಹುಟ್ಟಿದ.

ಈ ಡೈರಿಯ ಸಾಲನ್ನು ತೋರಿಸಿ ‘ನೋಡಿ, ಅಂಥಾ ಕ್ಲಾರಾನೇ ಹೀಗೆ ಹೇಳಿದ್ದಾಳೆ’ ಅನ್ನುವವರಿದ್ದಾರೆ. ‘ಪಾಪ, ಅವಳ ಕಷ್ಟಕಾಲ, ಅದಕ್ಕೇ ಹಾಗಂದಳು’ ಅಂತ ಸಮಾಧಾನ ಹೇಳುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಕ್ಲಾರಾ ಕಷ್ಟದಲ್ಲಿದ್ದಳು ಅಂತ ಅವಳ ಕಿವಿ ಕೆಟ್ಟಿರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿ ಸ್ಪಷ್ಟವಾಗಿರಬೇಕು ಅನ್ನುವುದು ಅವಳ ಜೀವನದ ನಂಬಿಕೆ. ಆ ಸೊನಾಟಾ ಬೇಕಂತಲೇ ಆ ದಾರಿಯನ್ನು ಮಸುಕು ಮಾಡುತ್ತದೆ. ಆದರೆ ಇನ್ನೊಂದು ವಿಷಯವನ್ನೂ ಮರೆಯಬಾರದು. ಅವಳು ಕೇಳಿದ್ದು ಬ್ರಾಮ್ಸ್ ನುಡಿಸಿದ್ದನ್ನು. ಅದಕ್ಕೂ ಒಂದು ವರ್ಷ ಹಿಂದೆ, 1853ರ ಬೇಸಿಗೆಯಲ್ಲಿ, ಜರ್ಮನಿಯ ವೈಮರ್‌ನಲ್ಲಿ ಸ್ವತಃ ಲಿಸ್ಟ್ ಇದನ್ನು ನುಡಿಸುತ್ತಿದ್ದಾಗ ಬ್ರಾಮ್ಸ್ ಕುರ್ಚಿಯಲ್ಲೇ ತೂಕಡಿಸಿದ ಅಂತ ಅಲ್ಲಿದ್ದ ಅಮೆರಿಕದ ಶಿಷ್ಯ ವಿಲಿಯಂ ಮೇಸನ್ ಬರೆದಿಟ್ಟಿದ್ದಾನೆ. ಪ್ರಯಾಣದ ದಣಿವೇ ಇರಬಹುದು. ಏನೇ ಇರಲಿ, ಆ ಸೊನಾಟಾದಲ್ಲಿ ಮನಸ್ಸಿಲ್ಲದ ಹುಡುಗ, ಮನಸ್ಸು ಮುರಿದ ಹೆಂಗಸಿಗೆ ಅದನ್ನು ನುಡಿಸಿ ತೋರಿಸಿದ. ಆ ಕೋಣೆಯಲ್ಲಿ ಲಿಸ್ಟ್ ಪರವಾಗಿ ಯಾರೂ ಇರಲಿಲ್ಲ.

ಈ ಮಾತನ್ನು ಇಲ್ಲೇ ಇಟ್ಟಿರುತ್ತೇನೆ. ಮತ್ತೆ ಬೇಕಾಗುತ್ತದೆ.

ಲಿಸ್ಟ್ ಮೇಲಿನ ಸಿಟ್ಟಿಗೆ ಅವನ ಹಳೆಯ ಅವತಾರವೂ ಕಾರಣ. 1830ರ ದಶಕದ ಕೊನೆಯಿಂದ 1847ರವರೆಗೆ ಅವನು ಯುರೋಪ್ ಪೂರ್ತಿ ಸುತ್ತಿದ. ಒಬ್ಬನೇ ಕೂತು ಇಡೀ ಸಂಜೆ ನುಡಿಸುವ ಪದ್ಧತಿ ತಂದವನು ಅವನೇ. 1840ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ‘ರಿಸೈಟಲ್ಸ್’ ಅಂತ ಹೆಸರು ಕೊಟ್ಟರು. ಬರ್ಲಿನ್‌ನಲ್ಲಿ 1841–42ರ ಚಳಿಗಾಲದ ಹತ್ತು ವಾರಗಳಲ್ಲಿ 21 ಕಛೇರಿ. ಜನರಿಗೆ ಹುಚ್ಚು ಹಿಡಿಯಿತು. ಆ ಹುಚ್ಚಿಗೆ ಕವಿ ಹೈನೆ ‘ಲಿಸ್ಟೋಮೇನಿಯಾ’ ಅಂತ ಹೆಸರಿಟ್ಟ. ಆಮೇಲೆ 1847ರಲ್ಲಿ, ಇನ್ನೂ ಮೂವತ್ತೈದು ವರ್ಷ, ಹಣಕ್ಕಾಗಿ ನುಡಿಸುವುದನ್ನು ನಿಲ್ಲಿಸಿಬಿಟ್ಟ. ವೈಮರ್‌ನಲ್ಲಿ ಕೂತು ಬರೆದ, ವಾದ್ಯವೃಂದ ನಡೆಸಿದ, ಶಿಷ್ಯರಿಗೆ ದುಡ್ಡು ತಗೊಳ್ಳದೆ ಪಾಠ ಹೇಳಿದ. ಆದರೆ ಜನ ಹಳೇ ಲಿಸ್ಟ್‌ನನ್ನು ಮರೆಯಲಿಲ್ಲ. ಅವನು ಏನೇ ಬರೆದರೂ ‘ಓ, ಇದೂ ಆ ಗಿಲೀಟೇ’ ಅಂದುಕೊಂಡರು.

ಗಿಲೀಟು ಇಲ್ಲ ಅಂತ ನಾನೂ ಹೇಳುವುದಿಲ್ಲ. ಇದೆ. ಕೆಲವು ಒಪೆರಾ ಫ್ಯಾಂಟಸಿಗಳಲ್ಲಿ, ಅಂದರೆ ಒಪೆರಾ ಹಾಡುಗಳನ್ನು ಹಿಡಿದು ಪಿಯಾನೋಗೆ ಬರೆದವುಗಳಲ್ಲಿ, ಇದೆ, ಕೆಲವು ಹಂಗೇರಿಯನ್ ರಾಪ್ಸೊಡಿಗಳಲ್ಲಿ ಇದೆ. ನಮ್ಮಲ್ಲಿ ತುಂಬಾ ಜನ ಲಿಸ್ಟ್‌ನನ್ನು ಮೊದಲು ಕೇಳಿದ್ದೇ ಟಿವಿಯಲ್ಲಿ, ಕೋಟು ಹಾಕಿಕೊಂಡ ಬೆಕ್ಕು ಪಿಯಾನೋ ನುಡಿಸುವ, ಒಳಗಿರುವ ಇಲಿ ಅದಕ್ಕೆ ಕಾಟ ಕೊಡುವ ಆ ಕಾರ್ಟೂನಿನಲ್ಲಿ. ಅದು ಎರಡನೇ ರಾಪ್ಸೊಡಿ. ಅದನ್ನು ಕೇಳಿ ನಕ್ಕವರು ಬಿ ಮೈನರ್ ಸೊನಾಟಾ ಬರೆದವನೂ ಇವನೇ ಅಂದರೆ ನಂಬುವುದು ಕಷ್ಟ.

ಸರಿ, ಆ ಸೊನಾಟಾದೊಳಗೆ ಸ್ವಲ್ಪ ಹೋಗೋಣ. ನನಗೆ ಅದನ್ನು ಪೂರ್ತಿ ನುಡಿಸಲು ಬರುವುದಿಲ್ಲ. ನಿಧಾನವಾದ ಭಾಗಗಳನ್ನು ಮಾತ್ರ ತಡವರಿಸಿಕೊಂಡು ನುಡಿಸುತ್ತೇನೆ. ಆದರೆ ಪುಸ್ತಕ ಮುಂದೆ ಇಟ್ಟುಕೊಂಡು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಶುರುವಾಗುವುದು ತುಂಬಾ ಮೆಲ್ಲಗೆ. ಮಂದ್ರದಲ್ಲಿ ‘ಜಿ’ ಸ್ವರ, ಬಾಗಿಲು ಬಡಿದೂ ಬಡಿಯದ ಹಾಗೆ. ನಡುವೆ ಮೌನ. ಆಮೇಲೆ ಮೇಲಿಂದ ಕೆಳಕ್ಕೆ ಇಳಿಯುವ ಒಂದು ಸ್ವರಸಾಲು. ಬಿ ಮೈನರ್ ಅಂತ ಹೆಸರಿದ್ದರೂ ಯಾವ ಶ್ರುತಿಯಲ್ಲಿದ್ದೇವೆ ಅಂತ ಕಿವಿಗೆ ಇನ್ನೂ ಗೊತ್ತಾಗುವುದಿಲ್ಲ. ನೆಲ ಎಲ್ಲಿದೆ ಅಂತ ಕಾಲಲ್ಲಿ ತಡಕಿದ ಹಾಗಿರುತ್ತದೆ. ಎಂಟನೇ ಬಾರ್‌ನಲ್ಲಿ (ಬಾರ್ ಅಂದರೆ ನಮ್ಮ ತಾಳದ ಆವರ್ತದ ಹಾಗೆ) ಎರಡೂ ಕೈ ಒಟ್ಟಿಗೆ ಹಾರುತ್ತವೆ. ಅದಾದ ತಕ್ಷಣ ಎಡಗೈಯಲ್ಲಿ, ಕೆಳಗೆ, ಒಂದೇ ಸ್ವರವನ್ನು ಮತ್ತೆ ಮತ್ತೆ ಕುಟ್ಟುವ ಒಂದು ಗಡಸು ತುಣುಕು ಬರುತ್ತದೆ. ಸುತ್ತಿಗೆಯಲ್ಲಿ ಹೊಡೆದ ಹಾಗೆ. ಕ್ಲಾರಾಗೆ ಗದ್ದಲ ಅನ್ನಿಸಿದ್ದು ಬಹುಶಃ ಇಂಥ ಜಾಗಗಳೇ.

ಈಗ 153ನೇ ಬಾರ್‌ಗೆ ಬನ್ನಿ. ಡಿ ಮೇಜರ್‌ನಲ್ಲಿ ಒಂದು ಹಾಡು ಎದ್ದುಬರುತ್ತದೆ. ಹಾಡಿದ ಹಾಗೆ ನುಡಿಸಿ ಅಂತ ಲಿಸ್ಟ್ ಮೇಲೆ ಬರೆದಿದ್ದಾನೆ. ಎಡಗೈ ಕೆಳಗೆ ಅಲೆಯಾಡುತ್ತಿರುತ್ತದೆ, ಬಲಗೈ ಒಂದೇ ಸ್ವರವನ್ನು ಮತ್ತೆ ಮತ್ತೆ, ಸಾವಕಾಶವಾಗಿ, ಸವರಿದ ಹಾಗೆ ಮುಟ್ಟಿ ಇಳಿಯುತ್ತದೆ. ಎಷ್ಟು ಚೆಂದ ಅಂದರೆ, ಮೊದಲ ಸಲ ಕೇಳಿದಾಗ ನಾನು ಇದು ಯಾವುದೋ ಹೊಸ ವಿಷಯ ಅಂದುಕೊಂಡೆ. ಎಷ್ಟೋ ತಿಂಗಳ ಮೇಲೆ ಒಂದು ರಾತ್ರಿ ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮೈ ಜುಮ್ಮೆಂದಿತು. ಇದು ಅದೇ ಸುತ್ತಿಗೆ. ಅವೇ ಸ್ವರಗಳು, ಅದೇ ಇಳಿಜಾರು. ಕುಟ್ಟುತ್ತಿದ್ದವನೇ ಈಗ ಹಾಡುತ್ತಿದ್ದಾನೆ. 760 ಬಾರ್, ಸುಮಾರು ಅರ್ಧ ಗಂಟೆ, ಎಲ್ಲೂ ನಿಲ್ಲದ ಈ ಇಡೀ ಕೃತಿ ಹೀಗೆ ಮೊದಲ ಪುಟದ ಬೆರಳೆಣಿಕೆಯ ತುಣುಕುಗಳಿಂದಲೇ ಬೆಳೆದಿದೆ. ಒಂದು ಪಲ್ಲವಿಯ ಸಾಲು ಇಟ್ಟುಕೊಂಡು ರಾತ್ರಿಯಿಡೀ ಬೆಳೆಸುವವರನ್ನು ಕೇಳಿದ ನಮ್ಮ ಕಿವಿಗೆ ಇದು ಅಪರಿಚಿತವಾಗಬೇಕಿಲ್ಲ.

ಇನ್ನು ಕೊನೆ. ಈ ಸೊನಾಟಾದ ಹಸ್ತಪ್ರತಿ ಈಗ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. 1853ರ ಫೆಬ್ರವರಿ 2 ಅಂತ ಮುಗಿಸಿದ ದಿನ ಅದರಲ್ಲಿದೆ. ಕೊನೆಯ ಭಾಗವನ್ನು ಲಿಸ್ಟ್ ಮೊದಲು ಬರೆದದ್ದು ಬೇರೆ ಥರ. ಜೋರಾದ, ತುಂಬು ಕೈಯ ಸ್ವರಮೇಳಗಳ ಕೊನೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುವಂಥದ್ದು. ಅದನ್ನು ಅವನೇ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೊಡೆದು ಹಾಕಿದ. ಅದರ ಬದಲು ಈಗ ನಾವು ಕೇಳುವ ಕೊನೆಯನ್ನು ಬರೆದ. ನಿಧಾನದ ಹಾಡು ಒಮ್ಮೆ ನೆನಪಾದ ಹಾಗೆ ಬಂದುಹೋಗುತ್ತದೆ. ಕೆಳಗೆ ಸುತ್ತಿಗೆ ಈಗ ಪಿಸುಗುಡುತ್ತದೆ. ಶುರುವಿನ ಇಳಿಯುವ ಸಾಲು ವಾಪಸ್ ಬರುತ್ತದೆ. ಮೇಲೆ ಕೆಲವು ಸ್ವರಮೇಳಗಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆತ್ತಗೆ. ಆಮೇಲೆ ಪಿಯಾನೋದ ಎಡತುದಿಯ ಹತ್ತಿರ ಒಂದೇ ಒಂದು ‘ಬಿ’, ಚಿಕ್ಕದಾಗಿ. ಮುಗಿಯಿತು.

ಚಪ್ಪಾಳೆಗಾಗಿಯೇ ಬರೆಯುತ್ತಿದ್ದವನು ಅಂತ ಯಾರನ್ನು ಬೈಯುತ್ತಾರೋ ಅವನೇ ಚಪ್ಪಾಳೆಯನ್ನು ಹೊಡೆದು ಹಾಕಿದ ಜಾಗ ಅದು. ಆ ಪುಟದ ಚಿತ್ರ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

1857ರ ಜನವರಿ 22ರಂದು ಬರ್ಲಿನ್‌ನಲ್ಲಿ ಇದನ್ನು ಮೊದಲ ಬಾರಿಗೆ ಸಭೆಯ ಮುಂದೆ ನುಡಿಸಿದವನು ಲಿಸ್ಟ್‌ನ ಶಿಷ್ಯ ಹಾನ್ಸ್ ಫಾನ್ ಬ್ಯೂಲೋ. ವಿಮರ್ಶಕರು ಹರಿಹಾಯ್ದರು. ಎಷ್ಟೋ ವರ್ಷಗಳ ನಂತರ ವಿಯೆನ್ನಾದ ಹಾನ್ಸ್‌ಲಿಕ್, ಇದನ್ನು ಕೇಳಿ ಚೆನ್ನಾಗಿದೆ ಅಂದವರನ್ನು ದೇವರೇ ಕಾಪಾಡಬೇಕು ಅನ್ನುವ ಅರ್ಥದಲ್ಲಿ ಬರೆದ. ವಿಮರ್ಶಕರ ಮಾತು ಬಿಡಿ. ನನಗೆ ಮುಖ್ಯ ಅನ್ನಿಸುವುದು ಕೈಯಲ್ಲಿ ಹಿಡಿದು ನುಡಿಸಿದವರ ಮಾತು. ಅವರಲ್ಲೂ ಮನಸ್ಸು ಬದಲಾಯಿಸಿದವರ ಮಾತು.

ಬೇಲಾ ಬಾರ್ಟೋಕ್ ಅಂಥವರು. ಸಂಗೀತ ರಚನೆಕಾರರಾಗಿ ಪ್ರಸಿದ್ಧರು. ಆದರೆ ಅವರು ದೊಡ್ಡ ಪಿಯಾನೋ ವಾದಕರೂ ಹೌದು, ಬುಡಾಪೆಸ್ಟ್‌ನಲ್ಲಿ ಪಿಯಾನೋ ಕಲಿಸಿದವರು. ಲಿಸ್ಟ್ ಹುಟ್ಟಿ ನೂರು ವರ್ಷವಾದ 1911ರಲ್ಲಿ ಅವರು ಒಂದು ಲೇಖನ ಬರೆದರು. ಅದರಲ್ಲಿ ಈ ಸೊನಾಟಾದ ಜೊತೆಗಿನ ತಮ್ಮ ಒಡನಾಟವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮೊದಲು ಕಲಿಯಲು ಕೂತಾಗ ಅದರ ಮೊದಲ ಭಾಗ ತಣ್ಣಗೆ, ಟೊಳ್ಳಾಗಿ ಕಂಡಿತು. ಬಿಟ್ಟುಬಿಟ್ಟರು. ಆಮೇಲೆ ಹಂಗೇರಿಯ ಪಿಯಾನೋ ವಾದಕ ಡೋನಾನ್ಯಿ ಅದನ್ನು ಅದ್ಭುತವಾಗಿ ನುಡಿಸಿದ್ದನ್ನು ಕೇಳಿದರು. ಆಗಲೂ ಅರ್ಥವಾಗಲಿಲ್ಲ. ವರ್ಷಗಳು ಕಳೆದ ಮೇಲೆ, ಅದರ ಬೆರಳುಗಾರಿಕೆಯ ಕಷ್ಟವನ್ನು ಗೆಲ್ಲಬೇಕು ಅನ್ನುವ ಆಸೆಯಿಂದ ಮತ್ತೆ ತೆಗೆದರು. ನುಡಿಸುತ್ತಾ ನುಡಿಸುತ್ತಾ ಸ್ವಲ್ಪ ಸ್ವಲ್ಪವಾಗಿ ಇಷ್ಟವಾಯಿತು. ಪೂರ್ತಿ ಅಲ್ಲ, ಅಂತಲೂ ಸೇರಿಸಿದ್ದಾರೆ.

ನನಗೆ ಈ ದಾರಿ ಬಹಳ ಹಿಡಿಸಿತು. ನೋಡಿ, ಬಾರ್ಟೋಕ್‌ಗೆ ಬಾಗಿಲು ತೆರೆದದ್ದು ಎಲ್ಲಿ? ಬೆರಳಿನ ಕೆಲಸದಲ್ಲಿ. ಮಿಸ್ ‘ಬರೀ ಬೆರಳಿಗೆ ಕೆಲಸ’ ಅಂದಿದ್ದರಲ್ಲ, ಅಲ್ಲೇ. ಪರರ ಕಛೇರಿ ಎಷ್ಟೇ ಚೆನ್ನಾಗಿದ್ದರೂ ಸಿಗದೇ ಇದ್ದದ್ದು ಸ್ವಂತ ಕೈ ಹಾಕಿದಾಗ ಸಿಕ್ಕಿತು. ಲಿಸ್ಟ್‌ನಲ್ಲಿ ಬೆರಳನ್ನೂ ಮನಸ್ಸನ್ನೂ ಬೇರೆ ಬೇರೆ ಮಾಡಿ ನೋಡಲು ಆಗುವುದಿಲ್ಲ ಅಂತ ನನಗೆ ಅನ್ನಿಸಿದ್ದು ಅದನ್ನು ಓದಿದ ಮೇಲೆಯೇ. ಕಷ್ಟದ ಜಾಗ ದಾಟಲು ಮೈ ಪಡುವ ಪಾಡೇ ಅಲ್ಲಿ ಭಾವದ ಒಂದು ಭಾಗ.

ಆಲ್ಫ್ರೆಡ್ ಬ್ರೆಂಡೆಲ್ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಿದರು. ಬೀಥೋವನ್, ಶೂಬರ್ಟ್‌ಗಳನ್ನು ನುಡಿಸಿ ಹೆಸರಾದ, ಗಂಭೀರ ಸ್ವಭಾವದ ವಾದಕರು ಅವರು. 2025ರ ಜೂನ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅಂಥವರು ಜೀವನಪೂರ್ತಿ ಲಿಸ್ಟ್ ಪರವಾಗಿ ಬರೆದರು, ನುಡಿಸಿದರು. ಅವರ ಒಂದು ಮಾತಿನ ಸಾರ ಹೀಗಿದೆ: ಲಿಸ್ಟ್‌ನ ಸಂಗೀತ ತನ್ನನ್ನು ನುಡಿಸುವವರ ಗುಣವನ್ನು ಚಾಚೂ ತಪ್ಪದೆ ತೋರಿಸಿಬಿಡುತ್ತದೆ, ಅದೇ ಅದಕ್ಕೆ ಮುಳುವೂ ಆಗುತ್ತದೆ. ಅದು ಟೊಳ್ಳಾಗಿ ಕೇಳಿಸಿದರೆ ತಪ್ಪು ಹೆಚ್ಚಾಗಿ ನುಡಿಸಿದವರದ್ದು.

ಈ ಮಾತು ಓದಿದಾಗ ನನಗೆ ಡ್ಯುಸೆಲ್‌ಡಾರ್ಫಿನ ಆ ಕೋಣೆ ನೆನಪಾಯಿತು. ಒಲ್ಲದ ಕೈಯಲ್ಲಿ ಬಾಖ್‌ನ ಫ್ಯೂಗ್ ನುಡಿಸಿದರೂ ಅದರ ಹಂದರ ನಿಲ್ಲುತ್ತದೆ. ನನ್ನಂಥವರು ತಪ್ಪು ತಪ್ಪಾಗಿ ನುಡಿಸಿದರೂ ಬಾಖ್ ಬಾಖೇ. ಲಿಸ್ಟ್ ಹಾಗಲ್ಲ. ಅವನ ಪುಟಗಳಲ್ಲಿ ಅರ್ಧ ಮಾತ್ರ ಇದೆ. ಮೌನ ಎಷ್ಟು ಹೊತ್ತು, ಒಂದೇ ಸ್ವರ ಮೂರನೇ ಸಲ ಬಂದಾಗ ಅದರ ಬಣ್ಣ ಏನು, ಎಲ್ಲಿ ಜೋರು ನಿಜ, ಎಲ್ಲಿ ಜೋರು ಬರೀ ಜೋರು, ಇದೆಲ್ಲ ನುಡಿಸಲು ಕೂತವರು ತರಬೇಕು. ತರಲು ಏನೂ ಇಲ್ಲದಿದ್ದರೆ ಉಳಿಯುವುದು ಗದ್ದಲವೇ. ಹಾಗಾಗಿ ಕ್ಲಾರಾ ಕೇಳಿದ್ದು ಸುಳ್ಳಲ್ಲ. ಅವತ್ತು ಆ ಪಿಯಾನೋದಿಂದ ಬಂದದ್ದು ಗದ್ದಲವೇ ಇರಬಹುದು.

ಬ್ರೆಂಡೆಲ್ ಒಬ್ಬರೇ ಅಲ್ಲ. ಇಟಲಿಯ ಪಿಯಾನೋ ವಾದಕ ಬುಸೋನಿ 1911ರಲ್ಲಿ ಬರ್ಲಿನ್‌ನಲ್ಲಿ ಬರೀ ಲಿಸ್ಟ್‌ನದೇ ಆರು ಕಛೇರಿ ಕೊಟ್ಟರು. ಚಿಲಿ ದೇಶದ ಕ್ಲಾಡಿಯೋ ಅರಾವ್‌ಗೆ ಪಾಠ ಹೇಳಿದ ಮಾರ್ಟಿನ್ ಕ್ರೌಸೆ ಸ್ವತಃ ಲಿಸ್ಟ್‌ನ ಶಿಷ್ಯ. ಅರಾವ್ ನುಡಿಸಿದ ಸೊನಾಟಾ ಕೇಳಿದರೆ ಅವಸರವೇ ಇಲ್ಲ, ಒಂದೊಂದು ಸ್ವರಕ್ಕೂ ತೂಕ ಇದೆ. ಹೊರೊವಿಟ್ಸ್ 1932ರಲ್ಲಿ ಮಾಡಿದ ರೆಕಾರ್ಡಿಂಗ್ ಇದಕ್ಕೆ ತದ್ವಿರುದ್ಧ, ಮೈಮೇಲೆ ಬಂದ ಹಾಗೆ. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ. ಪುಸ್ತಕ ಒಂದೇ, ಕೃತಿ ಎರಡು ಅನ್ನಿಸುತ್ತದೆ. ಆಸ್ಟ್ರೇಲಿಯಾ ಮೂಲದ ಲೆಸ್ಲಿ ಹೊವರ್ಡ್ ಲಿಸ್ಟ್‌ನ ಪಿಯಾನೋ ಸಂಗೀತವನ್ನೆಲ್ಲ ರೆಕಾರ್ಡ್ ಮಾಡಲು ಹೊರಟು 57 ಸಂಪುಟ ತಂದರು. ಅಷ್ಟನ್ನೂ ಕೇಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಎಲ್ಲವೂ ಒಂದೇ ಮಟ್ಟದ್ದಲ್ಲ.

ಎದುರು ಪಾಳೆಯದಲ್ಲೂ ಘಟಾನುಘಟಿಗಳಿದ್ದಾರೆ. ಕೆನಡಾದ ಗ್ಲೆನ್ ಗೂಲ್ಡ್ ಅವರಿಗೆ ಶೋಪ್ಯಾನ್, ಶೂಮನ್, ಲಿಸ್ಟ್ ಮೂವರೂ ಬೇಡ. ಪಿಯಾನೋ ಕಛೇರಿಗಳ ಆ ನಡುಭಾಗವೇ ಕಾಲ ವ್ಯರ್ಥ ಅನ್ನುವುದು ಅವರ ಅಭಿಪ್ರಾಯ. ಆದರೂ ಅವರು 1960ರ ದಶಕದ ಕೊನೆಯಲ್ಲಿ ಬೀಥೋವನ್‌ನ ಐದನೇ ಸಿಂಫೊನಿಯನ್ನು ಲಿಸ್ಟ್ ಪಿಯಾನೋಗೆ ಇಳಿಸಿದ್ದನ್ನು ರೆಕಾರ್ಡ್ ಮಾಡಿದರು. ಎರಡು ಕೈಯಲ್ಲಿ ಇಡೀ ವಾದ್ಯವೃಂದ. ವಾದ್ಯವೃಂದವಿಲ್ಲದ ಊರಿನವರೂ ಬೀಥೋವನ್ ಕೇಳಲಿ ಅಂತ ಲಿಸ್ಟ್ ಒಂಬತ್ತೂ ಸಿಂಫೊನಿಗಳನ್ನು ಹೀಗೆ ಇಳಿಸಿದ್ದ. ಅವನ ಸ್ವಂತ ಮಾತು ಒಪ್ಪದವರೂ ಅವನ ಕೈಕೆಲಸಕ್ಕೆ ತಲೆಬಾಗಿದ್ದಾರೆ. ಬ್ರಾಮ್ಸ್ ಕೂಡ ಮುಂದೆ, ಪಿಯಾನೋಗೆ ಲಿಸ್ಟ್ ಏನು ಮಾಡಿದ ಅಂತ ತಿಳಿಯಬೇಕಾದರೆ ಅವನ ಹಳೆಯ ಒಪೆರಾ ಫ್ಯಾಂಟಸಿಗಳನ್ನು ನೋಡಿ ಅಂದಿದ್ದ ಎಂದು ಲಿಸ್ಟ್‌ನ ಶಿಷ್ಯ ಫ್ರೀಡ್‌ಹೈಮ್ ನೆನೆಸಿಕೊಂಡಿದ್ದಾನೆ. ಅದೇ ಬ್ರಾಮ್ಸ್, 1860ರಲ್ಲಿ ಲಿಸ್ಟ್ ಬಳಗದ ವಿರುದ್ಧದ ಬಹಿರಂಗ ಹೇಳಿಕೆಗೆ ಸಹಿ ಹಾಕಿದವನು.

ಇನ್ನೊಬ್ಬ ಲಿಸ್ಟ್ ಇದ್ದಾನೆ. ಅವನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

1881ರ ಜುಲೈನಲ್ಲಿ, ಎಪ್ಪತ್ತರ ಹತ್ತಿರದ ಲಿಸ್ಟ್ ವೈಮರ್‌ನ ತನ್ನ ಮನೆಯ ಮೆಟ್ಟಿಲ ಮೇಲೆ ಬಿದ್ದ. ಆಮೇಲೆ ಅವನ ಆರೋಗ್ಯ ಮೊದಲಿನಂತಾಗಲಿಲ್ಲ. ಆಗಸ್ಟ್‌ನಲ್ಲಿ ಒಂದು ಪುಟ್ಟ ತುಣುಕು ಬರೆದ. ಹೆಸರು ‘ಬೂದು ಮೋಡಗಳು’. ಬರೀ 48 ಬಾರ್. ಎರಡು ವರ್ಷ ಪಿಯಾನೋ ಕಲಿತ ಮಗುವೂ ಅದರ ಸ್ವರಗಳನ್ನು ಒತ್ತಬಹುದು. ಹಾರುವ ಕೈಯಿಲ್ಲ, ಓಡುವ ಬೆರಳಿಲ್ಲ. ಎಡಗೈಯಲ್ಲಿ ಕಂಪನ, ಬಲಗೈಯಲ್ಲಿ ನಾಲ್ಕೈದು ಸ್ವರಗಳ ಒಂದು ಸಾಲು. ಯಾವ ಶ್ರುತಿಗೂ ಬಂದು ಕೂರದೆ, ಕೊನೆಯ ಸ್ವರಮೇಳವೂ ತೇಲುತ್ತಲೇ ನಿಂತುಬಿಡುತ್ತದೆ. ಅವನ ಇಂಥ ಕೊನೆಗಾಲದ ಸಂಗೀತವನ್ನು ಕೇಳಿ ಅಳಿಯ, ಒಪೆರಾ ರಚನೆಕಾರ ವಾಗ್ನರ್, ಇದು ಚಿಗುರುತ್ತಿರುವ ಹುಚ್ಚು ಅಂದ ಅಂತ ಮಗಳು ಕೊಸಿಮಾ ಡೈರಿಯಲ್ಲಿ ಬರೆದಿದ್ದಾಳೆ. ಮಗಳು ಅದನ್ನು ಬರೆದಿಟ್ಟುಕೊಂಡ ಗಳಿಗೆಯನ್ನು ನೆನೆದರೆ ಬೇಜಾರಾಗುತ್ತದೆ. 1886ರ ಜುಲೈ 31ರಂದು ಲಿಸ್ಟ್ ಬೈರಾಯ್ಟ್‌ನಲ್ಲಿ ಸತ್ತ. ಆ ತುಣುಕುಗಳಲ್ಲಿ ಎಷ್ಟೋ ಅವನು ಸತ್ತ ಮೇಲೆ ಬಹಳ ವರ್ಷ ಯಾರ ಕೈಗೂ ಬರಲಿಲ್ಲ.

ಲಿಸ್ಟ್ ಅಂದರೆ ಬರೀ ಬೆರಳು ಅನ್ನುವವರ ಮುಂದೆ ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ. ಸುಮ್ನೆ ಈ ಮೂರು ನಿಮಿಷದ ತುಣುಕನ್ನು ಹಾಕುತ್ತೇನೆ. ಬರೆದವರು ಯಾರು ಅಂತ ಮೊದಲೇ ಹೇಳುವುದಿಲ್ಲ.

ಮಿಸ್ ಮುಂದೆ ಮಾತ್ರ ಬೇರೆ ದಾರಿ ಹಿಡಿದೆ. ಹೋದ ವರ್ಷ ಮಳೆಗಾಲದಲ್ಲಿ ಅವರನ್ನು ನೋಡಲು ಹೋಗಿದ್ದೆ. ಈಗ ಅವರಿಗೆ ಎಂಬತ್ತು ದಾಟಿದೆ. ಪಾಠ ನಿಲ್ಲಿಸಿದ್ದಾರೆ. ಪಿಯಾನೋ ಅಲ್ಲೇ ಇದೆ. “ಏನಾದರೂ ನುಡಿಸು” ಅಂದರು. ನಾನು ಮೂರನೇ ‘ಕನ್ಸೊಲೇಶನ್’ ನುಡಿಸಿದೆ. ಡಿ ಫ್ಲಾಟ್ ಮೇಜರ್‌ನದು. ಕನ್ಸೊಲೇಶನ್ ಅಂದರೆ ಸಾಂತ್ವನ. 1850ರಲ್ಲಿ ಅಚ್ಚಾದ ಆರು ತುಣುಕುಗಳಲ್ಲಿ ಇದೊಂದು.

ಇದರ ಕಷ್ಟ ಕಣ್ಣಿಗೆ ಕಾಣುವುದಿಲ್ಲ. ಶುರುವಿನಲ್ಲಿ ಎಡಗೈ ಕೆಳಗಿನ ಡಿ ಫ್ಲಾಟ್ ಅನ್ನು ಒಮ್ಮೆ ಒತ್ತುತ್ತದೆ. ಆ ಒಂದು ಸ್ವರ ತಂಬೂರಿಯ ಹಾಗೆ ಎಷ್ಟೋ ಬಾರ್‌ಗಳವರೆಗೆ ಕೆಳಗೆ ಉಳಿಯಬೇಕು. ಕೈ ಆಗಲೇ ಮೇಲೆ ಹೋಗಿರುತ್ತದೆ, ಹಾಗಾಗಿ ಅದನ್ನು ಹಿಡಿದಿಡುವುದು ಕಾಲ ಕೆಳಗಿನ ಪೆಡಲ್ ಒಂದೇ. ಪೆಡಲ್ ಬಿಟ್ಟರೆ ನೆಲವೇ ಹೋಗುತ್ತದೆ. ಬಿಡದಿದ್ದರೆ ಮೇಲಿನ ಹಾಡು ನೀರು ಬಿದ್ದ ಶಾಯಿಯ ಹಾಗೆ ಕಲಸಿಹೋಗುತ್ತದೆ. 1883ರಲ್ಲಿ ಸ್ಟೈನ್‌ವೇ ಕಂಪನಿಯ ಹೊಸ ಪಿಯಾನೋದಲ್ಲಿ ಕೆಳಗಿನ ಸ್ವರವನ್ನಷ್ಟೇ ಹಿಡಿದಿಡುವ ಪೆಡಲ್ ಸಿಕ್ಕಾಗ, ಮುದುಕ ಲಿಸ್ಟ್ ಖುಷಿಯಿಂದ ಅವರಿಗೆ ಪತ್ರ ಬರೆದು ಇದೇ ತುಣುಕನ್ನು ಹೆಸರಿಸಿದ. ಮಿಸ್ ಅಪ್‌ರೈಟ್‌ನಲ್ಲಿ ಅಂಥ ಪೆಡಲ್ ಎಲ್ಲಿಂದ ಬರಬೇಕು? ಕಾಲನ್ನು ಅರ್ಧ ಮಾತ್ರ ಎತ್ತಬೇಕು. ತಂತಿಯ ಮೇಲೆ ಡ್ಯಾಂಪರ್, ಅಂದರೆ ಸ್ವರವನ್ನು ತಡೆಯುವ ಮೆತ್ತೆ, ತಾಗಿಯೂ ತಾಗದ ಹಾಗೆ. ಮೇಲಿನದು ತಿಳಿಯಾಗಬೇಕು, ಕೆಳಗಿನದು ಸಾಯಬಾರದು.

ನುಡಿಸಿ ಮುಗಿಸಿದೆ. ಹೊರಗೆ ಮಳೆ. ಮಿಸ್ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

“ಯಾರದ್ದು ಅಂತ ಗೊತ್ತಿದೆ” ಅಂದರು. ಆಮೇಲೆ ಟೀಪಾಯಿ ಮೇಲಿದ್ದ ಡಬ್ಬದಿಂದ ಪೆನ್ಸಿಲ್ ತಗೊಂಡು ಮೆಲ್ಲಗೆ ಎದ್ದು ಬಂದರು. ಕನ್ನಡಕ ಸರಿ ಮಾಡಿಕೊಂಡು ನನ್ನ ಪುಸ್ತಕದ ಮೊದಲ ಪುಟದಲ್ಲಿ ಒಂದು ಜಾಗ ಹುಡುಕಿದರು. ಅಲ್ಲಿ ಪೆಡಲ್ ಗುರುತಿನ ಕೆಳಗೆ ಒಂದು ಸಣ್ಣ ಗೀಟು ಎಳೆದರು. “ಇಲ್ಲಿ ನೀನು ಬೇಗ ಕಾಲು ಎತ್ತುತ್ತೀಯ. ಕೆಳಗಿನದ್ದು ಇನ್ನೂ ಇದೆ, ಕೇಳು.”

ಇನ್ನೊಂದು ಸಲ ನುಡಿಸಿದೆ. ಮಳೆಗೆ ಒಂದು ಕೀ ಹಿಡಿದುಕೊಂಡಿತು. ಪಕ್ಕದಲ್ಲಿ ನಿಂತಿದ್ದ ಮಿಸ್ ಬೆರಳ ತುದಿಯಿಂದ ಅದನ್ನು ಎತ್ತಿದರು. ನಾನು ನಿಲ್ಲಿಸಲಿಲ್ಲ.